ಶಿವದಾರ ಕೂರುವ ಜಾಗ

ಸುದ್ದಿ ಬಂದಾಗ ನಾನು ತುಮಕೂರಿನ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿಗೆ ಹೂಜಿಯ ನೆರಳು ಬರೆಯುವುದನ್ನು ಹೇಳಿಕೊಡುತ್ತಿದ್ದೆ. ಕುಣಿಗಲ್ ಕಡೆಯ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ಬಂದು ನಿಂತು, "ಡ್ರಾಯಿಂಗ್ ಮೇಷ್ಟ್ರು ನೀವೇ ಅಲ್ವಾ? ಅಮೃತೂರಿನ ಮೇಷ್ಟ್ರು ಭಾಳ ಸೀರಿಯಸ್ಸಂತೆ. ಅವ್ರ ಮನೆಯೋರು ಹೇಳಿ ಕಳ್ಸವ್ರೆ, ಬಂದೋಗ್ಬೇಕಂತೆ" ಎಂದ. ಆಗಲಿ ಎಂದೆ. ಅವನು ಹೋದ. ನಾನು ಬೋರ್ಡಿನ ಕಡೆ ತಿರುಗಿ ಹೂಜಿಯ ಹೊಟ್ಟೆಗೆ ನೆರಳು ಕೊಡುವುದನ್ನು ಮುಂದುವರಿಸಿದೆ. ಗಂಟೆ ಹೊಡೆದ ಮೇಲೆ ಕೈ ತೊಳೆದುಕೊಂಡು, ಹೆಡ್‌ಮಾಸ್ಟರಿಗೆ ರಜಾ ಚೀಟಿ ಕೊಟ್ಟು, ಉಪ್ಪಾರಹಳ್ಳಿಯ ಮನೆಗೆ ಹೋಗಿ ಊಟ ಮಾಡಿ ಹೊರಟೆ. ಊಟದ ಮಾತನ್ನು ಇಲ್ಲಿ ಯಾಕೆ ಬರೆಯುತ್ತಿದ್ದೇನೆಂದರೆ, ಮಾಡಿದ್ದು ನಿಜ. ಎರಡು ಸಲ ಸಾರು ಹಾಕಿಸಿಕೊಂಡೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ದುಃಖ ಬರುತ್ತದೇನೋ ಎಂದು ಕಾದೆ. ನನ್ನ ಹುಟ್ಟೂರು ಗೂಳೂರು ಬಂತು, ಹೋಯಿತು. ಯಾರೋ ಬುಟ್ಟಿಯಲ್ಲಿ ಕೋಳಿ ಹತ್ತಿಸಿದರು. ಜೋಮು ಹಿಡಿದ ಕಾಲನ್ನು ಚಿವುಟಿದರೆ ಅದು ಯಾರದೋ ಕಾಲು ಅನ್ನಿಸುವುದಿಲ್ಲವೆ, ನನ್ನ ಎದೆ ಹಾಗಿತ್ತು. ಹಾಗಿದ್ದದ್ದು ಅವತ್ತು ಮಾತ್ರವಲ್ಲ, ಮೂರು ವರ್ಷದಿಂದ.

ಆ ಮೇಷ್ಟ್ರ ಹೆಸರನ್ನು ಬರೆಯುವುದಿಲ್ಲ. ಐವತ್ತರ ದಶಕದ ಕೊನೆಯಿಂದ ಐದಾರು ವರ್ಷ ನಾವಿಬ್ಬರೂ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಒಂದೇ ಮೇಜಿನ ಎದುರುಬದುರು ಕೂತವರು. ಅವರು ವಿಜ್ಞಾನ, ನಾನು ಡ್ರಾಯಿಂಗು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅವರನ್ನು ಮೇಷ್ಟ್ರೇ ಎನ್ನುತ್ತಿದ್ದೆ. ಅವರು ನನ್ನನ್ನು "ಏನ್ರೀ ಡ್ರಾಯಿಂಗು" ಎನ್ನುತ್ತಿದ್ದರು. ಹುಡುಗರು ಅವರಿಗೆ ರಕ್ತದ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಜಾರಿರಲಿಲ್ಲ.

ಕುಳ್ಳು ಆಳು, ದಪ್ಪ ಕುತ್ತಿಗೆ, ಹಣೆಯ ತುಂಬ ವಿಭೂತಿ. ತಲೆಗೆ ರುಮಾಲು, ಮೈಗೆ ಕ್ಲೋಸ್ ಕಾಲರ್ ಕೋಟು. ಆ ಕೋಟಿನ ಮೇಲಿನ ಗುಂಡಿಯನ್ನು ಅವರು ಹಾಕಿದ್ದನ್ನು ಯಾರೂ ನೋಡಿಲ್ಲ. ಒಂದು ಸಲ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಶಿಸ್ತಿನ ಮನುಷ್ಯ. ಕ್ಲಾಸಿನಲ್ಲೇ, ಹುಡುಗರ ಎದುರಿಗೇ, "ಗುಂಡಿ ಹಾಕ್ಕೊಳ್ಳಿ ಮೇಷ್ಟ್ರೇ" ಎಂದರು. ನಾವೆಲ್ಲ ಕಿಟಕಿಯಾಚೆ ಉಸಿರು ಹಿಡಿದು ನಿಂತಿದ್ದೆವು.

"ಸ್ವಾಮಿ, ಈ ಗುಂಡಿ ಹಿಂದೆ ಎರಡು ದಾರಿ ಇದಾವೆ" ಎಂದರು ಇವರು. "ಒಂದ್ರಲ್ಲಿ ರಕ್ತ ಗುಂಡಿಗೆಯಿಂದ ಮೆದುಳಿಗೆ ಹತ್ತುತ್ತೆ. ಇನ್ನೊಂದ್ರಲ್ಲಿ ಇಳಿಯುತ್ತೆ. ಹತ್ತೋ ನಾಳ ಗಟ್ಟಿ, ಬಿಗಿದ್ರೂ ತಡ್ಕೊಳ್ಳುತ್ತೆ. ಇಳಿಯೋದು ಮೆತ್ತಗೆ, ಅಮುಕಿದ್ರೆ ಮುಚ್ಕೊಳ್ಳುತ್ತೆ. ಗುಂಡಿ ಹಾಕಿದ್ರೆ ಮೇಲೆ ಹೋಗಿದ್ದು ಕೆಳಕ್ಕೆ ಬರಕ್ಕೆ ಜಾಗ ಇರಲ್ಲ. ಪಾಠ ಮಾಡೋನಿಗೆ ಅದು ಆಗ್ಬರಲ್ಲ."

ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿದರು. ಆಮೇಲೆ ಸ್ಟಾಫ್ ರೂಮಿನಲ್ಲಿ ಉಪ್ಪಿಟ್ಟು ತಿನ್ನುವಾಗ ನೋಡಿದರೆ ಅವರ ಕೋಟಿನ ಮೇಲಿನ ಗುಂಡಿಯೂ ಬಿಚ್ಚಿತ್ತು. ಹೆಡ್‌ಮಾಸ್ಟರು ಅದನ್ನು ನೋಡಿಯೂ ನೋಡದವರಂತೆ ಇನ್ನೊಂದು ಸೌಟು ಬಡಿಸಿದರು.

ಅವರ ಪಾಠವೆಂದರೆ ಮೊದಲು ಕುತ್ತಿಗೆ. ಪುಸ್ತಕವನ್ನು ಮುಟ್ಟುವ ಮುಂಚೆ ಹುಡುಗರನ್ನೆಲ್ಲ ಎದ್ದು ನಿಲ್ಲಿಸಿ, "ಎರಡು ಬೆರಳು ತಗೊಳ್ರೋ. ಗಂಟಲ ಗುಳ್ಳೆ ಪಕ್ಕಕ್ಕೆ ಜಾರ್ಸಿ. ಲಿಂಗ ಕಟ್ಟೋ ಶಿವದಾರ ಕೂರುತ್ತಲ್ಲ, ಆ ಜಾಗ. ಶಿವದಾರ ಇಲ್ದೋರು ಇದೆ ಅಂತ ಅಂದ್ಕೊಳ್ರಿ" ಎನ್ನುತ್ತಿದ್ದರು. ನಲವತ್ತು ಹುಡುಗರು ಕುತ್ತಿಗೆ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಎಂಥ ತಂಟೆಕೋರನೂ ಆ ಒಂದು ನಿಮಿಷ ಮಾತಾಡುತ್ತಿರಲಿಲ್ಲ. ಒಮ್ಮೆ ಆ ಕಡೆ ಹಾದುಹೋದ ಹೆಡ್‌ಮಾಸ್ಟರು ಗಾಬರಿಯಾಗಿ, "ಏನ್ರೀ ಇದು, ಕ್ಲಾಸಿಗೆ ಕ್ಲಾಸೇ ಕತ್ತು ಹಿಸುಕ್ಕೊಳ್ತಾ ಇದೆ" ಎಂದಿದ್ದರು.

ಹಳ್ಳಿಯ ಹುಡುಗರಿಗೆ ಮೈಯೊಳಗೆ ಹಸಿರಾಗಿ ಕಾಣುವುದೆಲ್ಲ ನರ. "ನರ ಬೇರೆ, ರಕ್ತನಾಳ ಬೇರೆ ಕಣೋ" ಎಂದು ಅವರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಪುಸ್ತಕದಲ್ಲಿ ಗುಂಡಿಗೆಯಿಂದ ಹೋಗುವುದಕ್ಕೆ ಶುದ್ಧರಕ್ತ, ಹಿಂದಿರುಗುವುದಕ್ಕೆ ಮಲಿನರಕ್ತ ಎಂದಿತ್ತು. ಆ ಎರಡನೆಯ ಮಾತನ್ನು ಅವರು ಒಪ್ಪುತ್ತಿರಲಿಲ್ಲ. "ಯಾವನ್ಲಾ ಅದು ಮಲಿನ ಅಂದೋನು? ಹೊಲದಲ್ಲಿ ಗೇದು ಬಂದೋನ ಕಾಲಲ್ಲಿ ಮಣ್ಣಿರುತ್ತೆ. ಅವ್ನು ಕೊಳಕನಾ? ಮೆದುಳಿಗೆ ಅನ್ನ ಹೊತ್ಕೊಂಡು ಹೋಗಿ, ಇಟ್ಟು, ಬರಿಗೈಲಿ ವಾಪಸ್ ಬರೋ ರಕ್ತ ಅದು. ದಣಿದ ರಕ್ತ ಅಂತ ಬರ್ಕೊಳ್ರಿ." ಹುಡುಗರು ದಣಿದ ರಕ್ತ ಎಂದೇ ಪರೀಕ್ಷೆಯಲ್ಲಿ ಬರೆಯುತ್ತಿದ್ದರು. ಇವರು ಅದಕ್ಕೆ ಪೂರ್ತಿ ನಂಬರು ಕೊಡುತ್ತಿದ್ದರು.

ಅವರಿಗೆ ಚಾರ್ಟು ಬರೆದುಕೊಟ್ಟವನು ನಾನು. ಗೂಳೂರಿನ ಗಣಪತಿಗೆ ಬಣ್ಣ ಹಚ್ಚಿ ಪಳಗಿದ ಕೈ ಎಂಬ ಜಂಬ ನನಗಿತ್ತು. ಒರಟು ಖಾದಿಯ ಮೇಲೆ ಒಬ್ಬ ಮನುಷ್ಯನ ತಲೆ, ಕುತ್ತಿಗೆ, ಎದೆ. ಕೆಮ್ಮಣ್ಣಿನಲ್ಲಿ ಹೋಗುವ ನಾಳ, ಬಟ್ಟೆಗೆ ಹಾಕುವ ನೀಲಿಯಲ್ಲಿ ಬರುವ ನಾಳ. ನೀಲಿಗೆ ಗೋಂದು ಸಾಲದಾಯಿತು. ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಎರಡು ವರ್ಷಕ್ಕೆ ನೀಲಿಯೆಲ್ಲ ಪುಡಿಯಾಗಿ ಉದುರಿಹೋಯಿತು. "ನಿಮ್ಮ ಮನುಷ್ಯನಿಗೆ ಹೋಗೋ ದಾರಿ ಒಂದೇ ಕಣ್ರೀ ಡ್ರಾಯಿಂಗು, ಬರೋ ದಾರಿ ಇಲ್ಲ" ಎಂದು ಸಿಕ್ಕವರ ಮುಂದೆಲ್ಲ ನನ್ನನ್ನು ಗೇಲಿ ಮಾಡುತ್ತಿದ್ದರು. ಬೇರೆ ಬರೆದುಕೊಡುತ್ತೇನೆ ಎಂದರೆ ಬೇಡವೆನ್ನುತ್ತಿದ್ದರು. ಅಳಿಸಿಹೋದದ್ದನ್ನು ಹುಡುಗರ ಕೈಲಿ ಬೆರಳಿಂದ ತೋರಿಸಿ ಹೇಳಿಸಿದರೆ ಚೆನ್ನಾಗಿ ನೆನಪಿರುತ್ತದಂತೆ.

ಚಾರ್ಟು ಸಾಲದೆಂದು ಒಂದು ವರ್ಷ ಅವರಿಗೆ ನಿಜವಾದ ಗುಂಡಿಗೆಯೇ ಬೇಕೆನಿಸಿತು. ಆಸಾಮಿ ಮೊಟ್ಟೆ ಮುಟ್ಟಿದವರಲ್ಲ. ಮಾಂಸದಂಗಡಿಯ ಬೀದಿಯನ್ನು ತಪ್ಪಿಸಿಕೊಂಡು ಸುತ್ತು ಹಾಕಿ ಸ್ಕೂಲಿಗೆ ಬರುತ್ತಿದ್ದವರು. ನಾನು ತಿನ್ನುವವನಾದ್ದರಿಂದ ನನ್ನನ್ನು ಕಳಿಸಿದರು. ಅಂಗಡಿಯ ಸಾಬರು, "ಬರೀ ಗುಂಡಿಗೆ ಯಾಕೆ ಮೇಷ್ಟ್ರೇ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿ, ಕುರಿಯ ಗುಂಡಿಗೆಯನ್ನು ಮುತ್ತುಗದೆಲೆಯಲ್ಲಿ ಕಟ್ಟಿಕೊಟ್ಟರು. ಮೇಷ್ಟ್ರು ಅದನ್ನು ಬಾಳೆ ಎಲೆಯ ಮೇಲಿಟ್ಟು, ಮೊದಲು ಕೈ ಮುಗಿದು, ಆಮೇಲೆ ಇಂಕು ಫಿಲ್ಲರಿನಿಂದ ಒಂದೊಂದೇ ನಾಳಕ್ಕೆ ನೀರು ಬಿಟ್ಟು ತೋರಿಸಿದರು. ಒಂದು ಕಡೆಯಿಂದ ಬಿಟ್ಟ ನೀರು ಒಳಗೆ ಹೋಗುತ್ತಿತ್ತು, ಇನ್ನೊಂದು ಕಡೆಯಿಂದ ಬಿಟ್ಟದ್ದು ಬಾಗಿಲು ಹಾಕಿದಂತೆ ನಿಲ್ಲುತ್ತಿತ್ತು. ಅವರ ಕಣ್ಣು ಹೊಳೆಯುತ್ತಿತ್ತು. ಸಾಯಂಕಾಲ ಮನೆಗೆ ಹಿತ್ತಿಲ ಕಡೆಯಿಂದ ಹೋಗಿ, ತಲೆಗೆ ನೀರು ಹಾಕಿಕೊಂಡು, ಲಿಂಗಪೂಜೆ ಮುಗಿಸಿಯೇ ಕಾಫಿ ಕುಡಿದರಂತೆ. ಇದನ್ನು ಹೇಳಿದವರು ಅವರ ಹೆಂಡತಿ. ನಾನು ಅವರನ್ನು ಅಕ್ಕಾವ್ರೇ ಎನ್ನುತ್ತಿದ್ದೆ. ಮಕ್ಕಳಿಲ್ಲದ ಮನೆ, ಇಬ್ಬರೇ.

ಗುಂಡಿಗೆಯ ಬಗ್ಗೆ ಅವರಿಗೆ ಒಂದು ಕನಿಕರವಿತ್ತು. ಪಾಪದ ಪ್ರಾಣಿಯ ಬಗ್ಗೆ ಇರುವಂಥದ್ದು. "ಮನುಷ್ಯ ಎರಡು ಕಾಲ ಮೇಲೆ ಎದ್ದು ನಿಂತಿದ್ದೇ ಗುಂಡಿಗೆಗೆ ಮಾಡಿದ ಮೋಸ ಕಣ್ರೀ. ಹಸೂನ ನೋಡಿ, ತಲೆ, ಗುಂಡಿಗೆ ಎಲ್ಲಾ ಒಂದೇ ಮಟ್ಟ. ನಮ್ದು ಹಂಗಲ್ಲ. ದಿನವಿಡೀ ಬಾವೀಲಿ ಕಪಿಲೆ ಹೊಡ್ದಂಗೆ ರಕ್ತಾನ ಮೇಲಕ್ಕೆ ಎತ್ತಬೇಕು. ಎತ್ತುಗಳಿಗಾದ್ರೂ ಮಧ್ಯಾಹ್ನ ನೊಗ ಇಳಿಸ್ತೀವಿ. ಇದಕ್ಕೆ ಯಾವಾಗ ಇಳಿಸ್ತೀರಿ?"

ಅವರು ಇಳಿಸುತ್ತಿದ್ದರು. ದಿನಾ ಬೆಳಿಗ್ಗೆ ಶೀರ್ಷಾಸನ. ಹುಡುಗನಾಗಿದ್ದಾಗ ಅಮೃತೂರಿನ ಗರಡಿಯಲ್ಲಿ ಕಲಿತದ್ದಂತೆ. ತಲೆ ಕೆಳಗಾದರೆ ರಕ್ತ ತಾನಾಗಿ ಇಳಿಜಾರಿಗೆ ಹರಿದು ಮೆದುಳು ಸೇರುತ್ತದೆ, ಗುಂಡಿಗೆಗೆ ಐದು ನಿಮಿಷ ರಜ ಎಂಬುದು ಅವರ ಲೆಕ್ಕಾಚಾರ. ಕೇಳಿದರೆ ಸರಿಯೇ ಅನ್ನಿಸುತ್ತಿತ್ತು. ನಾನು ಹೂಜಿ ಬರೆಯುವವನು, ನನಗೇನು ಗೊತ್ತು? ಅಷ್ಟು ಓದಿದ ಅವರಿಗೂ ಗೊತ್ತಿರಲಿಲ್ಲ ಎನ್ನುವುದು ಆಮೇಲೆ ತಿಳಿದ ಸಂಗತಿ.

ಅರವತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಅವರು ಉತ್ತರಪತ್ರಿಕೆ ತಿದ್ದುತ್ತಿದ್ದರು. ಕೆಂಪು ಪೆನ್ನು ಕೈಯಿಂದ ಜಾರಿತು. ಎತ್ತಿಕೊಟ್ಟೆ. ಮತ್ತೆ ಜಾರಿತು. ಮೂರನೆಯ ಸಲ ಎತ್ತಿಕೊಡುವಾಗ ಮುಖ ನೋಡಿದೆ. ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟುಕೊಳ್ಳುತ್ತಿದ್ದರು. ಏನೋ ಹೇಳಲು ಹೋದರು, ನಾಲಿಗೆ ಹೊರಳಲಿಲ್ಲ.

"ಡಾಕ್ಟ್ರನ್ನ ಕರ್ಕೊಂಡು ಬರ್ತೀನಿ" ಎಂದು ಎದ್ದೆ. ತಲೆಯಾಡಿಸಿ ಬೇಡವೆಂದರು. ಎಡಗೈಯಿಂದ ಬಾಗಿಲು ತೋರಿಸಿದರು. ಹಾಕಿ ಬಂದೆ. ಸ್ವಲ್ಪ ಹೊತ್ತಿಗೆ ಮಾತು ತೊದಲುತ್ತ ಬಂತು. "ಜೋಮು... ಬರೀ ಜೋಮು. ರಕ್ತ ಹತ್ತುತಾ ಇಲ್ಲ. ಕಾಲು ಹಿಡ್ಕೊಳ್ಳಿ."

ನನಗೆ ಅರ್ಥವಾಗಲಿಲ್ಲ. ಅವರು ಕೋಟು ಬಿಚ್ಚಿ, ರುಮಾಲು ತೆಗೆದು ಮಡಿಸಿ ಗೋಡೆಯ ಬುಡದಲ್ಲಿಟ್ಟರು. ಕೊರಳಲ್ಲಿದ್ದ ಲಿಂಗದ ಕರಡಿಗೆ ತಲೆಕೆಳಗಾದರೆ ನೆಲಕ್ಕೆ ತಾಕುತ್ತದೆ. ಅದು ಕೂಡದು. ಬನಿಯನ್ನಿನ ಒಳಗೆ ಸೇರಿಸಿ, ಮೇಲೆ ಟವೆಲ್ಲನ್ನು ಬಿಗಿಯಾಗಿ ಸುತ್ತಲು ಹೇಳಿದರು. ಸುತ್ತಿದೆ. ತಲೆಯನ್ನು ರುಮಾಲಿನ ಮೇಲಿಟ್ಟರು. ನಾನು ಎರಡು ಕಾಲನ್ನೂ ಎತ್ತಿ ಗೋಡೆಗೆ ಒರಗಿಸಿ, ಹರಡು ಹಿಡಿದುಕೊಂಡು, ಎದುರಿಗಿದ್ದ ಗಡಿಯಾರ ನೋಡುತ್ತ ನಿಂತೆ. ಎಂಟು ನಿಮಿಷ. ಕೆಳಗೆ ಅವರ ಮುಖ ದಾಸವಾಳದ ಬಣ್ಣಕ್ಕೆ ತಿರುಗಿತ್ತು. ಪಂಚೆ ಜಾರದ ಹಾಗೆ ಮೊಣಕಾಲಿನಲ್ಲಿ ಒತ್ತಿ ಹಿಡಿದಿದ್ದೆ. ಯಾರಾದರೂ ಬಂದರೆ ಏನೆಂದುಕೊಂಡಾರು ಎಂದು ನನಗೆ ನಗು ಬರುತ್ತಿತ್ತು. ಹೌದು, ನಗು ಬರುತ್ತಿತ್ತು.

ಇಳಿದು ಕೂತರು. ಬಲಗೈ ಮುಷ್ಟಿ ಹಿಡಿದು ಬಿಟ್ಟರು. ಪೆನ್ನು ತೆಗೆದುಕೊಂಡು ಉತ್ತರಪತ್ರಿಕೆಯ ಮೇಲೆ ತಮ್ಮ ರುಜು ಹಾಕಿದರು. ಅಕ್ಷರ ಮುತ್ತಿನ ಹಾಗೆ ಬಂತು.

"ನೋಡಿದ್ರಾ? ಇಳಿಜಾರಿಗೆ ನೀರು ಬಿಟ್ಟೆ, ಕಸ ಕೊಚ್ಕೊಂಡು ಹೋಯ್ತು" ಎಂದರು. ಆಮೇಲೆ ದನಿ ತಗ್ಗಿಸಿ, "ಇದು ನಮ್ಮಿಬ್ಬರಲ್ಲೇ ಇರ್ಲಿ. ಮನೇಲಿ ಹೇಳ್ಬೇಡಿ, ಅವ್ಳು ಹೆದ್ರುತಾಳೆ" ಎಂದರು. ನಾನು ಆಣೆ ಇಡಲಿಲ್ಲ, ತಲೆಯಾಡಿಸಿದೆ. ಅಷ್ಟೇ ಸಾಕಾಗಿತ್ತು.

ಅಂದಿನಿಂದ ಮಧ್ಯಾಹ್ನವೂ ಶುರುವಾಯಿತು. ಎಲ್ಲರೂ ಊಟಕ್ಕೆ ಹೋದ ಕೂಡಲೇ ಬಾಗಿಲು ಹಾಕುವುದು, ಟವೆಲ್ಲು ಸುತ್ತುವುದು, ಕಾಲು ಹಿಡಿಯುವುದು. ಇನ್ನೊಂದು ಸಲವೂ ಕೈ ಜೋಮು ಹಿಡಿಯಿತು, ಮತ್ತೆ ಬಿಟ್ಟಿತು. ನಮ್ಮ ಔಷಧಿಯ ಮೇಲೆ ನಮಗೆ ನಂಬಿಕೆ ಬಲಿಯಿತು. ಎಂಟು ನಿಮಿಷ ಇದ್ದದ್ದು ಹತ್ತಾಯಿತು. ತಲೆಕೆಳಗಾಗಿದ್ದೇ ಅವರು ಮಾತಾಡುತ್ತಿದ್ದರು. ಇನ್ನೆರಡು ವರ್ಷಕ್ಕೆ ರಿಟೈರಾಗಿ ಅಮೃತೂರಿಗೆ ಹೋಗುತ್ತೇನೆ, ಅಲ್ಲಿ ತೆಂಗಿನ ತೋಟದಲ್ಲಿ ಕೂತು ಹಳ್ಳಿಯವರಿಗೆ ಅರ್ಥವಾಗುವ ಹಾಗೆ ಮೈಯೊಳಗಿನ ಪುಸ್ತಕ ಬರೆಯುತ್ತೇನೆ, ಚಿತ್ರ ನಿಮ್ಮದು, ಗೋಂದು ಮಾತ್ರ ಸರಿಯಾಗಿ ಹಾಕಿ ಎನ್ನುತ್ತಿದ್ದರು. ನೆಲದಿಂದ ಬರುವ ಆ ದನಿಗೆ ನಾನು ಮೇಲಿನಿಂದ ಹೂಂ ಎನ್ನುತ್ತಿದ್ದೆ.

ಒಂದು ಶುಕ್ರವಾರ, ಹಾಗೆಯೇ ಮಾತಾಡುತ್ತಿದ್ದವರು ನಡುವೆ ನಿಲ್ಲಿಸಿದರು. ನಾನು ಗಡಿಯಾರ ನೋಡುತ್ತಿದ್ದೆ. ಆರು ನಿಮಿಷವಾಗಿತ್ತು. ನನ್ನ ಕೈಯಲ್ಲಿದ್ದ ಎರಡು ಕಾಲಲ್ಲಿ ಒಂದು ಭಾರವಾಯಿತು. ಬಲಗಾಲು. ಅದುವರೆಗೆ ಎರಡೂ ಸಮನಾಗಿದ್ದವು. ಆ ಭಾರವನ್ನು ಹೇಗೆ ಹೇಳಬೇಕೋ ಗೊತ್ತಿಲ್ಲ. ನಾನು ಹಿಡಿದುಕೊಂಡಿದ್ದುದು ಕಾಲಾಗಿ ಉಳಿಯಲಿಲ್ಲ.

ಇಳಿಸಿ ಮಲಗಿಸಿದೆ. ಬಾಯಿ ಒಂದು ಕಡೆಗೆ ಎಳೆದಿತ್ತು. ಕಣ್ಣು ತೆರೆದಿತ್ತು, ನನ್ನನ್ನೇ ನೋಡುತ್ತಿತ್ತು. ನಾನು ಮೊದಲು ಮಾಡಿದ ಕೆಲಸವೆಂದರೆ ಟವೆಲ್ಲು ಬಿಚ್ಚಿದ್ದು, ಕರಡಿಗೆಯನ್ನು ಹೊರಗೆ ತೆಗೆದದ್ದು, ಕೋಟು ತೊಡಿಸಿದ್ದು. ಆಮೇಲೆ ಕುರ್ಚಿಯನ್ನು ಪಕ್ಕಕ್ಕೆ ಬೀಳಿಸಿದೆ. ಆಮೇಲೆ ಬಾಗಿಲು ತೆಗೆದು ಕೂಗಿದೆ.

ಬಾಡಿಗೆ ಕಾರಿನಲ್ಲಿ ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಒಳ್ಳೆಯವರು, ನಿಧಾನವಾಗಿ ಬಿಡಿಸಿ ಹೇಳಿದರು. ಬ್ಲಡ್ ಪ್ರೆಷರ್ ಬಹಳ ಏರಿದೆ, ಎಷ್ಟು ದಿನದಿಂದ ಇತ್ತೋ, ಮೆದುಳಿನ ಎಡಭಾಗದ ನಾಳ ಒಡೆದಿದೆ, ಅದಕ್ಕೇ ಬಲಗಡೆ ಬಿದ್ದುಹೋಗಿದೆ, ಮಾತೂ ಹೋಗಿದೆ ಎಂದರು. "ಮುಂಚೆ ಏನಾದ್ರೂ ಸೂಚನೆ ಇತ್ತಾ? ಕೈ ಜೋಮು ಹಿಡಿಯೋದು, ಮಾತು ತೊದಲೋದು?" ಎಂದು ಕೇಳಿದರು. ಅಕ್ಕಾವ್ರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಆಗ ಏನು ಮಾಡ್ತಾ ಇದ್ರು?"

"ಕುರ್ಚಿಲಿ ಕೂತು ಪೇಪರ್ ತಿದ್ದುತಾ ಇದ್ರು ಸಾರ್. ಹಂಗೇ ಬಿದ್ರು" ಎಂದೆ.

ಡಾಕ್ಟರು ಬರೆದುಕೊಂಡರು. ಹೋಗುವಾಗ ಅಕ್ಕಾವ್ರಿಗೆ, "ಇಷ್ಟು ಪ್ರೆಷರ್ ಇರೋರು ತಲೆ ಬಗ್ಗಿಸಿ ಒಂದು ಕೊಡ ನೀರೂ ಎತ್ಬಾರ್ದಮ್ಮ. ರಕ್ತ ತಲೆಗೆ ನುಗ್ಗುತ್ತೆ" ಎಂದರು. ಸುಮ್ಮನೆ ಮಾತಿಗೆ ಹೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗೆ ನಾನು ನನ್ನ ಎರಡು ಕೈಯನ್ನೂ ಜೇಬಿನೊಳಗೆ ಹಾಕಿಕೊಂಡೆ. ಆಗಿನಿಂದಲೇ ಈ ಜೋಮು ಎಂದು ಕಾಣುತ್ತದೆ.

ಅವರು ಸಾಯಲಿಲ್ಲ. ಅಕ್ಕಾವ್ರು ಗುಬ್ಬಿಯ ಮನೆ ಖಾಲಿ ಮಾಡಿ ಅಮೃತೂರಿಗೆ, ಮೈದುನನ ಮನೆಗೆ ಕರೆದುಕೊಂಡು ಹೋದರು. ಹುಡುಗರು ಚಾರ್ಟನ್ನು ಸುತ್ತಿ ಜೊತೆಗೆ ಕಳಿಸಿದರು. ನನಗೆ ತುಮಕೂರಿಗೆ ವರ್ಗವಾಯಿತು. ಎರಡು ತಿಂಗಳಿಗೊಮ್ಮೆ ನೋಡಲು ಹೋಗುತ್ತಿದ್ದೆ. ಹೋಗದಿದ್ದರೆ ಸಂಶಯ ಬರುತ್ತದೆ ಎಂದು ಹೋಗುತ್ತಿದ್ದೆನೋ, ಹೋಗಬೇಕೆಂದೇ ಹೋಗುತ್ತಿದ್ದೆನೋ, ಈಗಲೂ ಹೇಳಲಾರೆ.

ಪಡಸಾಲೆಯಲ್ಲಿ ಮಂಚ, ತಲೆಯ ಮೇಲೆ ಗೋಡೆಗೆ ನನ್ನ ಚಾರ್ಟು. ಊರಿನ ಹಿರಿಯರೊಬ್ಬರು ಬಂದು, "ಲಕ್ವಕ್ಕೆ ಪಾರಿವಾಳದ ರಕ್ತ ತಿಕ್ಕಿದ್ರೆ ಸರಿಯಾಗುತ್ತೆ, ನಮ್ಮವರಲ್ಲಿ ಆಗಲ್ಲ ಅಂತ ಗೊತ್ತು, ಆದ್ರೂ ಜೀವ ಮುಖ್ಯ" ಎಂದರಂತೆ. ಮೇಷ್ಟ್ರು ಎಡಗೈಯಿಂದ ಚಾರ್ಟಿನ ಕೆಂಪು ನಾಳ ತೋರಿಸಿ, ಆಮೇಲೆ ತಮ್ಮ ತೊಗಲನ್ನು ಚಿವುಟಿ ತೋರಿಸಿ, ಜೋರಾಗಿ ತಲೆಯಾಡಿಸಿದರಂತೆ. ಹೊರಗೆ ಹಚ್ಚಿದ್ದು ಒಳಗಿನ ನಾಳಕ್ಕೆ ಹೋಗಲ್ಲ ಎಂದು ಪಾಠ. "ಈ ಸ್ಥಿತೀಲೂ ಮೇಷ್ಟ್ರುತನ ಬುಡಲ್ಲ ಅಂತ ಬೈಕೊಂಡು ಹೋದ್ರು" ಎಂದು ಅಕ್ಕಾವ್ರು ನಗುತ್ತ ಹೇಳಿದ್ದರು.

ಆದರೆ ನಾನು ಹೋದಾಗಲೆಲ್ಲ ಅವರು ಇನ್ನೊಂದು ಸನ್ನೆ ಮಾಡುತ್ತಿದ್ದರು. ಎಡಗೈಯನ್ನು ಮುಷ್ಟಿ ಮಾಡಿ ಹಾಸಿಗೆಯ ಮೇಲೆ ಊರಿ, ಎರಡು ಬೆರಳನ್ನು ಮಾತ್ರ ನೆಟ್ಟಗೆ ಮೇಲಕ್ಕೆ ನಿಲ್ಲಿಸುವುದು. ಕೆಳಗಿನ ಮುಷ್ಟಿ ತಲೆ, ಮೇಲಿನ ಎರಡು ಬೆರಳು ಕಾಲು. ನೋಡಿದ ಕೂಡಲೇ ನನಗೆ ತಿಳಿದಿತ್ತು. ಹಾಗೆ ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು, ಆಮೇಲೆ ಹೆಂಡತಿಯನ್ನು ನೋಡುತ್ತಿದ್ದರು, ಮತ್ತೆ ನನ್ನನ್ನು. ಗಂಟಲಿಂದ ಒಂದು ಸದ್ದು ಬರುತ್ತಿತ್ತು.

"ಏನೋ ಹೇಳ್ತಾರೆ ಮೇಷ್ಟ್ರೇ. ಎರಡು ಅಂತಾರೆ. ನಿಮಗೇನಾದ್ರೂ ಗೊತ್ತಾಗುತ್ತಾ?" ಎಂದು ಅಕ್ಕಾವ್ರು ಪ್ರತಿಸಲ ಕೇಳುತ್ತಿದ್ದರು.

"ಇಲ್ಲ ಅಕ್ಕಾವ್ರೇ. ಬಂದು ಎರಡು ತಿಂಗಳಾಯ್ತು ಅಂತಾ ಇರಬೇಕು" ಎನ್ನುತ್ತಿದ್ದೆ. ಆಗ ಮೇಷ್ಟ್ರು ಬೆರಳು ಮಡಿಸಿ ಆ ಕಡೆಗೆ ತಿರುಗುತ್ತಿದ್ದರು. ನಾಲಿಗೆ ಇದ್ದವನು ನಾನು. ಅವರ ಮಾತನ್ನು ಅವರ ಹೆಂಡತಿಗೆ ತಲುಪಿಸಬಹುದಾಗಿದ್ದವನು ನಾನೊಬ್ಬನೇ. ಹೇಳಿದರೆ ಈ ಮನೆಯ ಬಾಗಿಲು ನನಗೆ ಮುಚ್ಚುತ್ತದೆ, ನನ್ನ ಗಂಡನನ್ನು ಹೀಗೆ ಮಾಡಿದವನು ನೀನು ಎನ್ನುತ್ತಾರೆ ಎಂದು ಹೆದರಿದ್ದೆ. ಇದು ಮೂರು ವರ್ಷ ನಡೆಯಿತು. ಪ್ರತಿಸಲವೂ ಅಲ್ಲಿ ಕಾಫಿ ಕುಡಿದೇ ಬಂದೆ.

ಸುದ್ದಿ ಬಂದ ಆ ದಿನ ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ ಅಮೃತೂರಿನಲ್ಲಿ ಇಳಿದಾಗ ಮೂರು ಗಂಟೆಯಾಗಿತ್ತು. ಜಗಲಿಯಲ್ಲಿ ಜನ ಕೂತಿದ್ದರು. "ಹೋಗಿ ಅರ್ಧ ಗಂಟೆ ಆಯ್ತು" ಎಂದರು ಯಾರೋ. ಹೂಜಿಯ ನೆರಳಿಗೆ ಎಷ್ಟು ಹೊತ್ತು ಹಿಡಿದಿತ್ತು, ಊಟಕ್ಕೆ ಎಷ್ಟು ಹೊತ್ತು ಹಿಡಿದಿತ್ತು ಎಂದು ಮನಸ್ಸು ತಾನಾಗಿಯೇ ಎಣಿಸಿತು.

ಲಿಂಗ ಕಟ್ಟುವವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಸಮಾಧಿಯೂ ಕೂತ ಹಾಗೆಯೇ. ಆಗತಾನೇ ಮೀಯಿಸಿ, ಹಣೆಗೆ, ತೋಳಿಗೆ ವಿಭೂತಿ ಬಳಿದು, ಪಡಸಾಲೆಯ ಗೋಡೆಗೆ ಒರಗಿಸಿ ಪದ್ಮಾಸನ ಹಾಕಿಸುತ್ತಿದ್ದರು. ಎಡಗೈಯಲ್ಲಿ ಲಿಂಗ ಇಟ್ಟಿದ್ದರು. ತಲೆ ಮಾತ್ರ ನಿಲ್ಲುತ್ತಿರಲಿಲ್ಲ, ಬಲಗಡೆಗೆ ವಾಲುತ್ತಿತ್ತು. ಗೋಡೆಯ ಮೊಳೆಗೆ ಬಟ್ಟೆ ಕಟ್ಟಿ ಹಣೆಯನ್ನು ಬಿಗಿಯಬೇಕು. ಅವರ ತಮ್ಮ ಸುತ್ತ ನೋಡಿ ನನ್ನನ್ನು ಕಂಡರು.

"ಬನ್ನಿ ಮೇಷ್ಟ್ರೇ. ಬಟ್ಟೆ ಕಟ್ಟೋಗಂಟ ತಲೆ ಒಂಚೂರು ಹಿಡ್ಕೊಳ್ಳಿ."

ಹೋಗಿ ಪಕ್ಕದಲ್ಲಿ ಮಂಡಿಯೂರಿ ಕೂತೆ. ಎರಡು ಕೈಯಿಂದ ತಲೆಯನ್ನು ನೆಟ್ಟಗೆ ಎತ್ತಿ ಹಿಡಿದೆ. ಮೈ ಇನ್ನೂ ಬೆಚ್ಚಗಿತ್ತು. ನನ್ನ ಎರಡು ಬೆರಳು ಗಂಟಲ ಗುಳ್ಳೆಯ ಪಕ್ಕಕ್ಕೆ ಜಾರಿ, ಶಿವದಾರ ಕೂರುವ ಜಾಗದಲ್ಲಿ ನಿಂತವು. ನಾನಾಗಿ ಇಟ್ಟದ್ದಲ್ಲ. ಅವರ ಕ್ಲಾಸಿನ ಹುಡುಗರು ಒಂದು ನಿಮಿಷ ನಿಲ್ಲುತ್ತಿದ್ದಂತೆ ನಾನೂ ಕಾದೆ. ಬೆರಳ ಕೆಳಗೆ ಏನೂ ಬರಲಿಲ್ಲ.

ಅಕ್ಕಾವ್ರು ಅವರ ಪಾದದ ಬಳಿ ಕೂತು ಮಡಿಬಟ್ಟೆಯ ನೆರಿಗೆ ಸರಿಮಾಡುತ್ತಿದ್ದರು. ಅಳುತ್ತಿರಲಿಲ್ಲ. ನನ್ನ ಬಾಯಿಂದ ಮಾತು ಹೊರಟಿತು.

"ಅಕ್ಕಾವ್ರೇ, ಅವತ್ತು ಅವ್ರು ಕುರ್ಚಿಲಿ ಕೂತಿರ್ಲಿಲ್ಲ."

"ಗೊತ್ತು" ಎಂದರು ಅವರು. ತಲೆ ಎತ್ತಲಿಲ್ಲ. "ಸಾಯಂಕಾಲ ಮನೆಗೆ ಬಂದ್ರೆ ನೆತ್ತೀಲಿ ಧೂಳು, ಹಿಮ್ಮಡೀಲಿ ಗೋಡೆ ಸುಣ್ಣ. ಮಧ್ಯಾಹ್ನದ್ದು ಕಾಲು ಯಾರು ಹಿಡೀತಾರೆ ಅಂತ ನಂಗೆ ಗೊತ್ತಿತ್ತು."

ಅವರು ಇನ್ನೊಂದು ನೆರಿಗೆ ಮಡಿಸಿದರು.

"ಬೆಳಿಗ್ಗೇದು ನಾನು ಹಿಡೀತಿದ್ದೆ ಮೇಷ್ಟ್ರೇ. ಕೈ ಜೋಮು ಬರಕ್ಕೆ ಶುರುವಾದಾಗಿಂದ. ಡಾಕ್ಟ್ರಿಗೆ ತೋರ್ಸಣ ಅಂದೆ, ಬೇಡ, ಕಾಲು ಹಿಡ್ಕೊ ಸಾಕು ಅಂದ್ರು. ಡ್ರಾಯಿಂಗ್ ಮೇಷ್ಟ್ರಿಗೆ ಹೇಳ್ಬೇಡ, ಚಿಕ್ಕೋರು, ಹೆದ್ರುತಾರೆ ಅಂದ್ರು. ಅವತ್ತು ಬೆಳಿಗ್ಗೇನೂ ಹದಿನೈದು ನಿಮಿಷ ಹಿಡಿದಿದ್ದೆ. ಆಸ್ಪತ್ರೇಲಿ ಡಾಕ್ಟ್ರು ತಲೆ ಬಗ್ಗಿಸ್ಬಾರ್ದು ಅಂದಾಗ ನೀವು ಗೋಡೆ ನೋಡ್ತಿದ್ರಿ. ನನ್ನ ಮುಖ ಯಾರೂ ನೋಡ್ಲಿಲ್ಲ."

"ಆ ಎರಡು ಬೆರಳು..." ಎಂದೆ.

"ನಿನ್ನಿಂದ್ಲೇ ಆಗಿದ್ದು ಅಂತ ನಂಗೇ ಅಂತಿದ್ರು ಅಂದ್ಕೊಂಡಿದ್ದೆ. ನಿಮ್ಗೆ ಗೊತ್ತಾಯ್ತೋ ಏನೋ ಅಂತ ಅದ್ಕೇ ಕೇಳ್ತಿದ್ದೆ ಪ್ರತಿ ಸಲ. ನೀವು ಎರಡು ತಿಂಗಳು ಅಂತಿದ್ರಿ. ನಂಗೆ ಜೀವ ಬಂದಂಗಾಗ್ತಿತ್ತು."

ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಆ ಮನುಷ್ಯ ಮೂರು ವರ್ಷ ಹೇಳಿದ್ದು ಬಯ್ಗುಳವಾಗಿರಲಿಕ್ಕಿಲ್ಲ. ನೀನೂ ಹಿಡಿದಿದ್ದೆ, ಅವನೂ ಹಿಡಿದಿದ್ದ, ಹಿಡಿಸಿದವನು ನಾನು ಎಂದಿದ್ದಿರಬೇಕು. ಇದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಅವತ್ತು ಏನೂ ಹೊಳೆಯಲಿಲ್ಲ. ಎದೆ ಹಗುರಾಗುತ್ತದೇನೋ ಎಂದು ನೋಡಿಕೊಂಡೆ, ಆಗಲಿಲ್ಲ. ಅಳುವೂ ಬರಲಿಲ್ಲ. ಅಕ್ಕಾವ್ರಿಗೂ ಬರಲಿಲ್ಲ.

"ಅಲ್ಲಾಡಿಸ್ಬೇಡಿ, ಗಟ್ಟಿಯಾಗಿ ಹಿಡೀರಿ" ಎಂದರು ತಮ್ಮ, ಮೊಳೆಗೆ ಬಟ್ಟೆ ಸುತ್ತುತ್ತ. ಪದ್ಮಾಸನ ಸಡಿಲವಾಗಿ ಬಲಗಾಲು ಜಾರತೊಡಗಿತ್ತು. ಅಕ್ಕಾವ್ರು ಎರಡು ಪಾದವನ್ನೂ ಒತ್ತಿ ಹಿಡಿದುಕೊಂಡರು. ನಾನು ತಲೆ ಹಿಡಿದುಕೊಂಡಿದ್ದೆ. ಕಟ್ಟಿ ಮುಗಿಯುವವರೆಗೂ ಇಬ್ಬರೂ ಬಿಡಲಿಲ್ಲ.